ಅತ್ತೆಯ ಮೂಗು ಮತ್ತು ಜೀರಿಗೆ ಮಿಡಿ

ನಮ್ಮ ಅತ್ತೆ, ಎಂದರೆ ಅಪ್ಪನ ಅಕ್ಕ, ಲೋಕವನ್ನೆಲ್ಲ ಮೂಗಿನಲ್ಲೇ ಅಳೆದವಳು. ನಗಬೇಡಿ, ನಾನು ನಕ್ಕು ಅನುಭವಿಸಿದ್ದೇನೆ! ಹೊಸನಗರದ ಮದುವೆಯೊಂದರಲ್ಲಿ ಮದುಮಗನನ್ನು ಕಣ್ಣೆತ್ತಿಯೂ ನೋಡದೆ, ಎಲೆಗೆ ಬಡಿಸಿದ ಉಪ್ಪಿನಕಾಯಿ ಮೂಸಿ, "ಇದು ಹೊಳೆದಂಡೆ ಮರದ್ದಲ್ಲ. ಯಾರ್ರೀ ಕೊಯ್ದಿದ್ದು?" ಎಂದು ಬೀಗರನ್ನೇ ವಿಚಾರಣೆಗೆ ನಿಲ್ಲಿಸಿದ್ದಳು.

ನಮ್ಮೂರ ಮೇಲಿನ ಅಭಯಾರಣ್ಯದ ಹಳ್ಳದ ದಂಡೆಯಲ್ಲಿ ಒಂದು ಅಪ್ಪೆಮರವಿತ್ತು. ಉಪ್ಪಿನಕಾಯಿಯ ಮಿಡಿ ಬಿಡುವ ಕಾಡುಮಾವು. ತೊಟ್ಟು ಮುರಿದರೆ ಸೊನೆಗೆ ಜೀರಿಗೆಯ ವಾಸನೆ. ಅಂಥದ್ದು ಆ ಕಾಡಿಗೆಲ್ಲ ಅದೊಂದೇ ಎಂದು ಅತ್ತೆಯ ವಾದ. ಮರ ಹತ್ತಲು ಸೋಮಾರಿಗಳಾದ ಕಳ್ಳರು ಮಿಡಿಗಾಗಿ ಕೊಂಬೆಯನ್ನೇ ಕಡಿದು ಕಡಿದು ಅದು ಒಣಗುತ್ತಿತ್ತು. "ಹಾಲು ಬೇಕು ಅಂತ ಎಮ್ಮೆ ಕೆಚ್ಚಲು ಕೊಯ್ತಾರನಾ?" ಎಂದು ಅತ್ತೆ ಸಿಕ್ಕವರಿಗೆಲ್ಲ ಬೈದಳು. ಮರವನ್ನೇ ನೋಡದ ನನಗೂ!

ಆಗ ಗಿಡಮರಗಳ ಸಮೀಕ್ಷೆಗೆ ಬಂದ ಅರಣ್ಯಾಧಿಕಾರಿ ಅದನ್ನು ಬರಿಯ 'ಕಾಡುಮಾವು' ಎಂದು ಬರೆದುಕೊಂಡರು. ಅತ್ತೆ ಬಿಡುತ್ತಾಳೆಯೇ?

"ಜೀರಿಗೆ ಅಪ್ಪೆ ಅಂತ ಬರೀರಿ. ನಂಗೆ ನಾಕು ಕುಡಿ ಕೊಡಿ, ಕಸಿ ಕಟ್ತೀನಿ."

"ಇಲ್ಲಿಂದ ಒಂದೆಲೆನೂ ಹೊರಗೆ ಹೋಗೋ ಹಾಗಿಲ್ಲ ಅಜ್ಜಿ. ವಾಸನೆ ನೋಡಿ ಮರ ಹೇಳೋಕಾಗುತ್ತಾ?"

"ಕಣ್ಣು ಕಟ್ಟಿ ನೋಡಿ!"

ಕಟ್ಟಿದರು. ಎಲೆ ಕಿವುಚಿ ಕಿವುಚಿ ಹಿಡಿದರು. ದಾಲ್ಚಿನ್ನಿ, ಮುರುಗಲು, ರಾಮಪತ್ರೆ, ಒಂದೂ ತಪ್ಪಲಿಲ್ಲ. ಕೊನೆಗೆ ತರಲೆಗೆಂದು ಎಲೆಯಿಲ್ಲದ ತಮ್ಮ ಬರಿಗೈಯನ್ನೇ ಹಿಡಿದರು.

"ಕರಿಬೇವು. ಬೆಳಿಗ್ಗೆ ಚಿತ್ರಾನ್ನ ತಿಂದು ಕೈ ಸಮಾ ತೊಳ್ದಿಲ್ಲ ನೀವು!"

ಅಧಿಕಾರಿ ಸೋತರು. ಮೇಲಿನಿಂದ ಅನುಮತಿ ತರಿಸಿದರು. ಬದುಕಿದ ಗಿಡ ಅದೇ ಹಳ್ಳಕ್ಕೆ ಮರಳಬೇಕೆಂಬ ಷರತ್ತಿನ ಮೇಲೆ. ಅತ್ತೆ ಕಟ್ಟಿದ ಕಸಿಗಳಲ್ಲಿ ಬದುಕಿದ್ದು ಒಂದೇ. ಅದನ್ನು ಕಾಡಿನಲ್ಲಿ ನೆಟ್ಟ ಮರುಮಳೆಗಾಲಕ್ಕೆ ತಾಯಿಮರ ಉರುಳಿತು. "ಕುಡಿ ಎಲ್ಲಿ ಹತ್ತಿದ್ಯೆ? ಕಸಿ ಕಟ್ಟಿದ್ದ ಅಡಿಗಿಡನೇ ಚಿಗುರಿದ್ದು, ಯಾವ್ದೋ ಬೇರೆ ಮಾವು" ಎಂದು ಊರವರು ಕುಹಕವಾಡಿದರು. ಮಿಡಿ ಬಿಟ್ಟು ಅದರ ಸೊನೆ ಮೂಸಿದರೇ ನಿಜ ಗೊತ್ತಾಗುವುದು.

ಈ ವರ್ಷ ಬಿಟ್ಟಿತು! ಅತ್ತೆ, ನಾನು, ಅಧಿಕಾರಿ ಮೂವರೂ ಗುಡ್ಡ ಹತ್ತಿದೆವು. ಒಂದೇ ಒಂದು ಕೊಯ್ಯಲು ಅಧಿಕಾರಿ ಒಪ್ಪಿದರು. ಅತ್ತೆ ತೊಟ್ಟು ಮುರಿದು ಮೂಗಿಗೆ ಹಿಡಿದಳು. ಮತ್ತೊಮ್ಮೆ ಹಿಡಿದಳು. ಆಮೇಲೆ ಮೆಲ್ಲಗೆ ನನ್ನತ್ತ ಚಾಚಿದಳು.

"ನೀನೇ ನೋಡಾ. ಹೋದ್ವರ್ಷ ಜ್ವರ ಬಂದು ಹೋದ್ಮೇಲೆ ನಂಗೆ ಎಂತ ವಾಸನೆನೂ ಬರಲ್ಲ. ಯಾರಿಗೂ ಹೇಳ್ಲಿಲ್ಲ."

ಆ ಮೂಗನ್ನು ಆಡಿಕೊಂಡು ನಕ್ಕವನು ನಾನು! ಮಿಡಿ ತೆಗೆದುಕೊಂಡು ಮೂಸಿದೆ.

"ಜೀರಿಗೆ, ಅತ್ತೇ! ಘಮ್ ಅಂತಿದೆ!" ಎಂದು ಕಾಡು ಬೆಚ್ಚುವಂತೆ ಕೂಗಿದೆ. ಅಧಿಕಾರಿ ಪುಸ್ತಕ ತೆಗೆದು 'ಜೀರಿಗೆ ಅಪ್ಪೆ' ಎಂದು ಬರೆದರು. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಹುಟ್ಟಿದಾಗಿಂದ ಇದೊಂದು ಸರಿ ಹೇಳ್ದೆ ನೋಡು" ಎಂದಳು.

ಸೊನೆ ತಾಗಿದ ಬೆರಳು ಉರಿಯುತ್ತಿತ್ತು. ಮನೆ ಮುಟ್ಟುವವರೆಗೂ ನಾನು ಕೈ ತೊಳೆಯಲಿಲ್ಲ.