ಅವ್ವನ ಮೊಣಕಾಲಿನ ಪೀಠಿಕೆ

ನಮ್ಮ ಮನೆತನದಲ್ಲಿ ಪೀಠಿಕೆಯಿಲ್ಲದೆ ಯಾವ ಬೇನೆಯೂ ಬರುವುದಿಲ್ಲ. ಅವ್ವನಿಗೆ ಮೊಣಕಾಲು ನೋಯುತ್ತದೆಂದರೆ, ಕಥೆ ನಮ್ಮೂರು ಚಪಳಗಾಂವದ ಕುರಿಹಟ್ಟಿಯಿಂದ ಹೊರಟು, ಯಾವ ಕುರಿ ಈದಿತು, ಬೀರೋಬಾನ ಗುಡಿಗೆ ಯಾರು ಬರಲಿಲ್ಲ ಎಂಬುದನ್ನೆಲ್ಲ ಮುಗಿಸಿಕೊಂಡು ಕಾಲಿನ ಹತ್ತಿರ ಬರಬೇಕು. ಸೊಲ್ಲಾಪುರದ ಡಾಕ್ಟರ್ ಮೇಡಮ್‌ಗೆ ಕನ್ನಡ ಬಾರದು. ಅವ್ವನ ಮರಾಠಿ ಸಂತೆಗಷ್ಟೇ ಸಾಕು. ಹೀಗಾಗಿ ನಡುವಿನ ದುಭಾಷಿ ನಾನು. ಎಂಐಡಿಸಿ ಕೈಗಾರಿಕಾ ಪ್ರದೇಶದ ಟವೆಲ್ ಕಾರ್ಖಾನೆಯಲ್ಲಿ ಅಂಚಿನ ಹೆಚ್ಚುವರಿ ದಾರ ಕತ್ತರಿಸಿ ಮಾಲು ಪಾಸು ಮಾಡುವವನು. ಅದೇ ಕೈಚಳಕವನ್ನು ಅವ್ವನ ಮಾತಿನ ಮೇಲೂ ತೋರಿಸುತ್ತಿದ್ದೆ. ಅವಳ ಹತ್ತು ನಿಮಿಷಕ್ಕೆ ನನ್ನ ಮರಾಠಿ ಒಂದೇ ವಾಕ್ಯ: ಮೊಣಕಾಲು ನೋಯುತ್ತದಂತೆ.

"ನಾ ಇಷ್ಟ ಹೇಳೀನಿ, ನೀ ಅಷ್ಟರಾಗ ಮುಗಿಸಿದೆಲ್ಲೋ?" ಎನ್ನುತ್ತಿದ್ದಳು.

"ಮರಾಠಿಯೊಳಗ ಎಲ್ಲಾ ಗಿಡ್ಡ ಆಗ್ತೈತಿ, ಯವ್ವಾ."

ಈ ಸಲ ಮೇಡಮ್ ಮೇಜಿನ ಮೇಲೆ ಒಂದು ಟ್ಯಾಬ್ ಇತ್ತು. ಎಐ ಅಂತೆ, ಕನ್ನಡದಲ್ಲಿ ಹೇಳಿದರೂ ಕೇಳಿಸಿಕೊಂಡು ಮರಾಠಿಯಲ್ಲಿ ಬರೆದುಕೊಡುತ್ತದಂತೆ. ಪಾಪ, ಈ ಯಂತ್ರ ಕುರಿಹಟ್ಟಿ ದಾಟುವಷ್ಟರಲ್ಲಿ ಕೆಟ್ಟುಹೋಗುತ್ತದೆ ಎಂದುಕೊಂಡೆ. ಅವ್ವ ಅದಕ್ಕೆ ಕೈಮುಗಿದು ಶುರುಮಾಡಿದಳು. ಮೊದಲು ಬಂದದ್ದು ಕುಂಟ ಟಗರೋ, ಕಳೆದುಹೋದ ಮರಿಯೋ, ಈಗ ಖಾತ್ರಿಯಿಲ್ಲ. ನನ್ನ ನೆನಪೂ ನನ್ನಂತೆಯೇ, ಕತ್ತರಿಸುವುದರಲ್ಲಿ ಚುರುಕು. ಇಷ್ಟು ಮಾತ್ರ ಹಾಗೆಯೇ ಉಳಿದಿದೆ:

"ಕುರಿ ಹಿಂದ ದಿಬ್ಬ ಏರಿದ್ನೆಂದ್ರ ಎದಿ ಹಿಡದಂಗ ಆಗ್ತೈತ್ರಿ. ನಿಂತ್ರ ಬಿಡತೈತಿ. ಅಷ್ಟರಾಗ ಕುರಿ ಮುಂದ ಹೋಗಿರ್ತಾವು ನೋಡ್ರಿ."

ಮೇಡಮ್ ಟ್ಯಾಬ್ ಓದಿ, ನನ್ನತ್ತ ನೋಡಿ, ಎದೆ ಹಿಡಿಯುವ ವಿಷಯ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಮರಾಠಿಯಲ್ಲಿ ಕೇಳಿದರು. ಆ ಮಾತು ನನ್ನ ಕಿವಿಗೆ ಮೂರು ಸಲವಾದರೂ ಬಿದ್ದಿತ್ತು. ಕುರಿಯ ಸುದ್ದಿಯೆಂದು ಕತ್ತರಿಸಿ ಒಗೆದಿದ್ದೆ. ಅವರು ಎದ್ದು ಬಂದು ಅವ್ವನ ಎದೆಗೆ ಸ್ಟೆತಾಸ್ಕೋಪ್ ಇಟ್ಟರು, ಇಸಿಜಿ ತೆಗೆಸಿದರು, ನಾಳೆಯೇ ಹೃದಯದ ಡಾಕ್ಟರಿಗೆ ತೋರಿಸಿ, ಇನ್ನೂ ಹೊತ್ತು ಮೀರಿಲ್ಲ ಎಂದು ಚೀಟಿ ಬರೆದರು. ನಾನು ಚೀಟಿಯನ್ನು ಎರಡೆರಡು ಸಲ ಓದಿ ಜೇಬಿಗೆ ಹಾಕಿಕೊಂಡೆ.

ಅವ್ವನ ಧ್ಯಾನವೆಲ್ಲ ಟ್ಯಾಬಿನ ಮೇಲೆ.

"ಇದರ ಮರಾಠಿ ಭಾಳ ಉದ್ದ ಐತಲ್ಲೋ!" ಎಂದಳು. ಆಮೇಲೆ ಮೆಲ್ಲಗೆ, "ಮತ್ತ ನೀ ಇಷ್ಟ ದಿನ ಏನ್ ಹೇಳಾಕತ್ತಿದ್ದಿ?"

"ನೀ ಹೇಳಿದ್ದೆಲ್ಲಾ ಹೇಳೀನಬೇ."

ಟ್ಯಾಬ್ ಇನ್ನೂ ಆನ್ ಇತ್ತು. ಮೇಡಮ್ ಅದನ್ನು ಓದಿ, ತುಟಿ ಕಚ್ಚಿ ನಗು ತಡೆದರು. ನನ್ನ ಮಾತನ್ನೂ ಅದು ಒಂದಕ್ಷರ ಬಿಡದೆ ಬರೆದುಕೊಂಡಿತ್ತು.