ಕೆಳಗೆ ತೂಗಬೇಕಾದ ಚೀಲ

ನಗಬಾರದ ಜಾಗದಲ್ಲೇ ನಗು ಬರುವುದು ನನ್ನ ಹಣೆಬರಹ. ಕುಂದಾಪುರದಿಂದ ಗದಗಿಗೆ ಸೊಸೆಯಾಗಿ ಬಂದ ಐವತ್ತು ವರ್ಷಗಳಲ್ಲಿ ಅದು ತಪ್ಪಿಲ್ಲ. ಹೋದ ವರ್ಷ ಆಸ್ಪತ್ರೆಯಲ್ಲೂ ತಪ್ಪಲಿಲ್ಲ.

ಹಲ್ಲು

ಯಜಮಾನರ ಲಿವರಿನ ಗಂಟು ತೆಗೆದ ನಾಲ್ಕನೇ ದಿನ, ಹೊಟ್ಟೆಯ ಪಕ್ಕದ ನಳಿಕೆಯಿಂದ ಚೀಲಕ್ಕೆ ಹಸಿರು ಪಿತ್ತ ಸೋರತೊಡಗಿತು.

"ಮತ್ತ ಕೊಯ್ದರ ಇವರ ಹೃದಯ ತಡಿಯೂದಿಲ್ಲ" ಎಂದರು ಡಾಕ್ಟರು. "ಬಾಯಿಂದ ಕ್ಯಾಮೆರಾ ಇಳಿಸಿ ಪಿತ್ತದ ದಾರಿಯೊಳಗ ಸಣ್ಣ ಕೊಳವಿ ಇಡ್ತೀವಿ. ಪಿತ್ತ ತನ್ನ ಹಾದಿ ಹಿಡಿದರ ಚೀಲ ಒಣಗತೈತಿ."

ನರ್ಸಮ್ಮ ಬಂದು ಯಜಮಾನರಿಗೆ ಕಟ್ಟಿಸಿದ ಹಲ್ಲು ತೆಗೆಯಲು ಹೇಳಿದರು.

"ಡಾಕ್ಟರ್ ಜೋಡಿ ಹಲ್ಲಿಲ್ಲದ ಮಾತಾಡೂದು ಹೆಂಗವ್ವಾ?" ಎಂದರು ಇವರು.

"ಅದಕ್ಕ ತಗೀರಿ ಅನ್ನಾಕತ್ತೀನ್ರಿ, ಅಜ್ಜಾರ."

ಗಂಜಿ

ಕೊಳವೆ ಕೂತಿತು. ಸೋರುವುದು ಮಾತ್ರ ನಿಲ್ಲಲಿಲ್ಲ. ಎಣ್ಣೆ ಮುಟ್ಟಬಾರದು ಎಂದಿದ್ದರಿಂದ ನಮ್ಮೂರ ಗಂಜಿ ಕೊಟ್ಟೆ. ಅದನ್ನು ಇವರು ಮದುವೆಯಾದಂದಿನಿಂದ "ಬ್ಯಾನಿ ಬಂದವರ ಊಟ" ಎಂದು ಜರಿದವರು. ಈಗ ಎರಡು ಲೋಟ ಕುಡಿದರು. ಇನ್ನಾದರೂ ಹೊಗಳುತ್ತಾರೆಂದು ಕಾದೆ.

"ನಾ ಹೇಳಿರಲಿಲ್ಲೇನು, ಬ್ಯಾನಿ ಬಂದವರ ಊಟಂತ? ಖರೆ ಆತು ನೋಡು."

ಚೀಲ

"ಸೋಮವಾರದೊಳಗ ಕಡಿಮಿ ಆಗಲಿಲ್ಲಂದ್ರ ಕೊಯ್ಯೂದು ತಪ್ಪೂದಿಲ್ಲ" ಎಂದರು ಡಾಕ್ಟರು. ಅಂದು ಶುಕ್ರವಾರ. ಎರಡು ದಿನ ನಾನು ಚೀಲ ಬಿಟ್ಟು ಬೇರೇನೂ ನೋಡಲಿಲ್ಲ.

ರವಿವಾರ ಲಕ್ಷ್ಮೇಶ್ವರದಿಂದ ಯಜಮಾನರ ಅಕ್ಕ ಬಂದರು. ನನ್ನನ್ನು ಮನೆಗೆ ಸ್ನಾನಕ್ಕೆ ಕಳಿಸಿದರು. ಮರಳಿ ಬಂದರೆ ವಾರ್ಡಿನವರೆಲ್ಲ ಸಕ್ಕರೆ ಚಪ್ಪರಿಸುತ್ತಿದ್ದರು.

"ಚೀಲ ಒಣಗೇತಿ, ಬಾಯಿ ತಗಿ" ಎಂದು ಅಕ್ಕ ನನ್ನ ಬಾಯಿಗೂ ಸಕ್ಕರೆ ಹಾಕಿದರು. ಖರೆ, ಬೆಳಗ್ಗೆ ನರ್ಸಮ್ಮ ಖಾಲಿ ಮಾಡಿದ್ದ ಚೀಲದಲ್ಲಿ ಒಂದು ಹನಿಯೂ ಇರಲಿಲ್ಲ. ನಾನು ಅತ್ತೇಬಿಟ್ಟೆ.

ಆಗ ನರ್ಸಮ್ಮ ಬಂದರು. ಚೀಲ ಸಲೈನ್ ಕಂಬದ ತುದಿಯಲ್ಲಿ ತೂಗುತ್ತಿತ್ತು.

"ಮ್ಯಾಲ ಯಾರು ಹಾಕಿದ್ರಿ?"

"ನಾನ" ಎಂದರು ಅಕ್ಕ. "ನಮ್ಮ ತಮ್ಮನ ಚೀಲ ಮಂದಿ ಕಾಲಾಗ ಬಿದ್ದಿತ್ತು. ಗಂಡಸರ ಸಾಮಾನ ಹಂಗ ಇಡಬಾರದು."

"ಪಿತ್ತ ಮ್ಯಾಲ ಹತ್ತೂದಿಲ್ರಿ, ಅಮ್ಮಾರ." ನರ್ಸಮ್ಮ ಚೀಲವನ್ನು ಮಂಚದ ಕೆಳಗೆ ಕಟ್ಟಿದರು. ನಳಿಕೆಯಲ್ಲಿ ಹಸಿರು ಇಳಿಯಿತು. ಬಾಯಲ್ಲಿದ್ದ ಸಕ್ಕರೆಯನ್ನು ನುಂಗಬೇಕೋ ಉಗುಳಬೇಕೋ ನನಗೆ ತಿಳಿಯಲಿಲ್ಲ.

ಸೋಮವಾರ ಅಳೆದರೆ, ಸೋರುವ ಪಿತ್ತ ಅರ್ಧಕ್ಕೆ ಇಳಿದಿತ್ತು. "ಇನ್ನೊಂದು ವಾರ ಕಾಯೋಣ" ಎಂದರು ಡಾಕ್ಟರು. ಕಾದೆವು. ಒಂದು ಬೆಳಗ್ಗೆ ಚೀಲ ಒಣಗಿತ್ತು, ಮರುದಿನವೂ ಹಾಗೇ. ಕೊಯ್ಯುವುದು ತಪ್ಪಿತು. ಲಕ್ಷ್ಮೇಶ್ವರಕ್ಕೆ ಫೋನ್ ಮಾಡಿದೆ.

"ಅಕ್ಕಾ, ಚೀಲ ಒಣಗಿತು."

ಅಕ್ಕ ಮೆಲ್ಲಗೆ ಕೇಳಿದರು:

"ಮದಲ ಹೇಳು, ಎಷ್ಟು ಎತ್ತರದಾಗ ಐತಿ?"