ತಲೆ ತಗ್ಗಿಸಿ ನಡೆಯುವ ಮಾವ

ನಮ್ಮ ಸೋದರಮಾವ ಯಾವತ್ತೂ ತಲೆ ತಗ್ಗಿಸಿಯೇ ನಡೆಯುವವರು. ವಿನಯ ಅಂದುಕೊಂಡಿರಾ? ಖಂಡಿತ ಅಲ್ಲ! ನೆಲದೊಳಗೆ ಕಬ್ಬಿಣ ಇದೆಯೋ ತಾಮ್ರ ಇದೆಯೋ ಎಂಬ ಯೋಚನೆ.

ಮೆಟ್ಟೂರಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. ಹರೆಯದಲ್ಲೇ ಹಳೇ ರೇಡಿಯೋ ಬಿಚ್ಚಿ ಒಂದು ಮೆಟಲ್ ಡಿಟೆಕ್ಟರ್ ಮಾಡಿಕೊಂಡರು. ಈಗಿನದು ಅಂಗಡಿಯದು, ಹುಚ್ಚು ಮಾತ್ರ ಹಳೆಯದೇ. ಉದ್ದ ಕೋಲು, ತುದಿಗೊಂದು ತಟ್ಟೆ, ಲೋಹ ಸಿಕ್ಕರೆ ‘ಕುಂಯ್’! ಇದಕ್ಕೊಂದು ಕ್ಲಬ್ಬೂ ಇದೆ. ಅಧ್ಯಕ್ಷರು ಮಾವ. ಸದಸ್ಯರು ಒಬ್ಬ ರಿಟೈರಾದ ಕಂಡಕ್ಟರು, ಇನ್ನೊಬ್ಬ ಮೇಚೇರಿಯ ಟೈಲರು. ಟೈಲರು ಸೇರಿದ್ದು ಅಂಗಡಿಯಲ್ಲಿ ಬಿದ್ದ ಸೂಜಿ ಹುಡುಕಿಕೊಳ್ಳಲು!

ಬಸ್ಸು ಹತ್ತಿದರೆ ಸಾಕು, “ಪುದೈಯಲ್ ಕಿಡೈಚ್ಚುದಾ?” ಅಂತ ಜನ ತಮಿಳಿನಲ್ಲಿ ನಿಧಿ ವಿಚಾರಿಸುತ್ತಾರೆ.

“ಸಿಕ್ತು ಸಿಕ್ತು, ಸೋಡಾ ಮುಚ್ಚಳ!” ಅನ್ನುತ್ತಾರೆ ಮಾವ, ಸ್ವಲ್ಪವೂ ನಾಚಿಕೆಯಿಲ್ಲದೆ.

ನನ್ನ ಅಕ್ಕನಿಗೆ ಗಂಡು ನೋಡಲು ನಾವು ಸೇಲಂನಿಂದ ಕಂಬೈನಲ್ಲೂರಿಗೆ ಹೋದಾಗ ಮಾವನೂ ಬಂದರು. ಮಿಷಿನ್ನೂ ಬಂತು. ಒಳಗೆ ಜಾತಕದ ಮಾತು ನಡೆದಿದೆ, ಹೊರಗೆ ಅಂಗಳದಲ್ಲಿ ‘ಕುಂಯ್’! ಬಗೆದರೆ ಹಿತ್ತಾಳೆ ಚೊಂಬು. ಅದರ ಮೇಲೆ ಪಕ್ಕದ ಮನೆಯವರ ಹೆಸರು! ಎರಡು ಮನೆಗೂ ಜಗಳ ಹತ್ತಿತು, ಸಂಬಂಧ ಮುರಿಯಿತು. ಆದರೆ ಚೊಂಬಿನ ಮನೆಯಲ್ಲೂ ಒಬ್ಬ ಗಂಡಿದ್ದ. ಅವನೇ ಈಗ ನಮ್ಮ ಭಾವ!

ಕಳೆದ ಕಡಲೆಕಾಯಿ ಸುಗ್ಗಿಯಲ್ಲಿ ಮೇಚೇರಿ ಹತ್ತಿರದ ಒಂದು ಹೊಲದಿಂದ ಮಾವನಿಗೆ ಕರೆ ಬಂತು. ಕ್ಲಬ್ಬಿನ ಕಂಡಕ್ಟರೂ ನಾನೂ ಜೊತೆಗೆ ಹೋದೆವು. ಗಿಡ ಕೀಳುವಾಗ ಆ ಮನೆಯ ಸೊಸೆಯ ತಾಳಿ ದಾರ ಹರಿದು ಬಿದ್ದಿತ್ತು. ಆಕೆ ಬದುವಿನ ಮೇಲೆ ಕುಳಿತಿದ್ದಳು. ಅವಳ ಅತ್ತೆಯದೇ ಮಾತು.

“ಕಳೆದೋಗೈತಂತೆ! ತವರಿಗೆ ಸಾಗಿಸವ್ಳೆ, ನಂಗೊತ್ತಿಲ್ವಾ?”

ಮಾವ ಸಾಲು ಸಾಲಾಗಿ ಮಿಷಿನ್ನು ಆಡಿಸುತ್ತಾ ಹೋದರು. ಮೊಳೆ ಸಿಕ್ಕಿತು, ಮುರಿದ ಕುಡುಗೋಲಿನ ತುದಿ ಸಿಕ್ಕಿತು. ಬಿಸಿಲು ನೆತ್ತಿಗೆ ಬಂತು.

“ಅಧ್ಯಕ್ಷರೇ, ಬಸ್ಸು ಓಯ್ತದೆ,” ಎಂದರು ಕಂಡಕ್ಟರು.

“ಓಗ್ಲಿ ಬಿಡ್ಲಾ.”

ಹೊಲದ ಕೊನೆ ಸಾಲಿನಲ್ಲಿ ‘ಕುಂಯ್’ ಅಂತು. ಮಾವ ಮಿಷಿನ್ನು ಆಫ್ ಮಾಡಿದರು; ಬಗ್ಗಲಿಲ್ಲ. ಅತ್ತೆಯನ್ನು ಕರೆದರು.

“ಅಮ್ಮಾ, ಇಲ್ಲಿ ವಸಿ ನೀವೇ ಬಗೀರಿ.”

“ನಾನ್ಯಾಕೆ?”

“ನಂಗೆ ಸೊಂಟ ನೋವು.”

ಮಾವನಿಗೆ ಸೊಂಟ ನೋವೇ? ನಾನಂತೂ ಕೇಳಿಯೇ ಇರಲಿಲ್ಲ!

ಆ ಮುದುಕಿ ಗೊಣಗುತ್ತಲೇ ಕುಕ್ಕರುಗಾಲಲ್ಲಿ ಕುಳಿತು ಮಣ್ಣು ಕೆದಕಿದರು. ಕೈಗೆ ಹಳದಿ ದಾರ ಸಿಕ್ಕಿತು, ಎಳೆದರೆ ಹಿಂದೆಯೇ ತಾಳಿ ಬಂತು. ತುಂಬಾ ಹೊತ್ತು ಅದನ್ನು ಸೆರಗಿನಿಂದ ಒರೆಸಿದರು. ಮಣ್ಣೆಲ್ಲ ಹೋದ ಮೇಲೂ ಒರೆಸಿದರು. ಆಮೇಲೆ ಎದ್ದು ಹೋಗಿ ಸೊಸೆಯ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು.

“ಬೆಳಿಗ್ಗೆಯಿಂದ ಏನೂ ಉಂಡಿಲ್ವಲ್ಲ ನೀನು. ಬಾರವ್ವ, ಉಣ್ಣು.”

ಅಲ್ಲಿಯವರೆಗೂ ಒಂದು ಹನಿ ಹಾಕದ ಹುಡುಗಿ ಆಗ ಬಿಕ್ಕಿ ಬಿಕ್ಕಿ ಅತ್ತಳು. ಅತ್ತೆ ಅವಳ ತಲೆಯನ್ನು ಎದೆಗೆ ಒತ್ತಿಕೊಂಡರು.

ನಾನು ನೋಡುತ್ತಾ ನಿಂತಿದ್ದೆ. ಮಾವ ನನ್ನ ತೋಳು ಹಿಡಿದು ಮೆಲ್ಲಗೆ ಹೇಳಿದರು: “ಆ ಕಡೆ ಓಗಾಣ ಬಾ ಲಾ. ಅವ್ರು ಅಳ್ಲಿ.”